ವಿಟಮಿನ್ ಮಾತ್ರೆಗಳು ಮತ್ತು ಕರುಳಿನ ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲಬದ್ಧತೆ, ಹೊಟ್ಟೆ ಉಬ್ಬರ, ಮಲದ ಬಣ್ಣ ಬದಲಾಗುವುದು ಇವೆಲ್ಲ ನಮ್ಮಲ್ಲಿ ವೈದ್ಯರ ಮುಂದೆಯೂ ಸಂಕೋಚದಿಂದಲೇ ಹೊರಬರುವ ಮಾತುಗಳು. ವಿಟಮಿನ್ ಮಾತ್ರೆಗಳ ವಿಷಯದಲ್ಲಿ ಮಾತ್ರ ಯಾರಿಗೂ ಸಂಕೋಚವಿಲ್ಲ. ನೆಂಟರು, ನೆರೆಯವರು, ಮೆಡಿಕಲ್ ಶಾಪಿನವರು ಎಲ್ಲರೂ ಒಂದೊಂದು ಹೆಸರು ಸೂಚಿಸುತ್ತಾರೆ. ಈ ಎರಡು ವಿಷಯಗಳು ಒಂದನ್ನೊಂದು ಮುಟ್ಟುವ ಕಡೆ ಹುಟ್ಟುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಖನಿಜಗಳು ವಿಟಮಿನ್‌ಗಳಲ್ಲವಾದರೂ ಕಬ್ಬಿಣ, ಕ್ಯಾಲ್ಸಿಯಂ, ಸತು ಮತ್ತು ಮೆಗ್ನೀಸಿಯಂಗಳನ್ನು ಬಿಟ್ಟು ಈ ಚರ್ಚೆ ಪೂರ್ಣವಾಗದು, ಏಕೆಂದರೆ ಹೊಟ್ಟೆಯ ತೊಂದರೆಗಳಲ್ಲಿ ದೊಡ್ಡ ಪಾಲು ಇವುಗಳಿಂದಲೇ ಬರುತ್ತದೆ.

ವಿಟಮಿನ್ ಮಾತ್ರೆ ತೆಗೆದುಕೊಂಡರೆ ಹೊಟ್ಟೆಯ ತೊಂದರೆ ಸರಿಹೋಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಮಲಬದ್ಧತೆಯಾಗಲಿ, ಜನರು ಒಟ್ಟಾಗಿ ‘ಗ್ಯಾಸ್ಟ್ರಿಕ್’ ಎಂದು ಕರೆಯುವ ಉರಿ, ತೇಗು, ಉಬ್ಬರಗಳಾಗಲಿ ವಿಟಮಿನ್ ಕೊರತೆಯಿಂದ ಬರುವುದು ಅಪರೂಪ. ಸಂಬಂಧ ಹೆಚ್ಚಾಗಿ ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿರುತ್ತದೆ. ಕರುಳು ಕೆಟ್ಟಾಗ ವಿಟಮಿನ್‌ಗಳು ರಕ್ತಕ್ಕೆ ಸೇರುವುದಿಲ್ಲ, ಆಗ ಕೊರತೆ ಉಂಟಾಗುತ್ತದೆ. ಆದ್ದರಿಂದ ರಕ್ತಪರೀಕ್ಷೆಯಲ್ಲಿ ಯಾವುದೋ ಒಂದು ಅಂಶ ಕಡಿಮೆ ಬಂದಿದೆ ಎಂದು ತಿಳಿದ ಕೂಡಲೇ ಯಾವ ಮಾತ್ರೆ ಒಳ್ಳೆಯದು ಎಂದು ವಿಚಾರಿಸುವ ಮೊದಲು, ಅದು ಏಕೆ ಕಡಿಮೆಯಾಯಿತು ಎಂದು ಕೇಳಬೇಕು. ಊಟದಲ್ಲಿ ಇರಲಿಲ್ಲವೇ, ಇದ್ದರೂ ಹೀರಿಕೆಯಾಗಲಿಲ್ಲವೇ, ಹೀರಿಕೆಯಾದರೂ ರಕ್ತಸ್ರಾವದ ಮೂಲಕ ನಷ್ಟವಾಗುತ್ತಿದೆಯೇ? ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಮುಂದಿನ ಅನೇಕ ಉತ್ತರಗಳು ಈ ಮಾತಿಗೇ ಮರಳುತ್ತವೆ.

ಕರುಳಿನ ಯಾವ ಭಾಗದಲ್ಲಿ ಏನು ಹೀರಿಕೆಯಾಗುತ್ತದೆ?

ಜಠರದಿಂದ ಹೊರಬಂದ ಆಹಾರ ಮೊದಲು ತಲುಪುವ ಸಣ್ಣ ಕರುಳಿನ ಮೇಲ್ಭಾಗದಲ್ಲಿ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮುಖ್ಯವಾಗಿ ಹೀರಿಕೆಯಾಗುತ್ತವೆ. ಬಿ ಗುಂಪಿನ ವಿಟಮಿನ್ ಆದ ಫೋಲಿಕ್ ಆಮ್ಲವೂ ಸಣ್ಣ ಕರುಳಿನ ಮೇಲಿನ ಭಾಗಗಳಲ್ಲೇ ರಕ್ತ ಸೇರುತ್ತದೆ. ಬಿ12 ಮಾತ್ರ ಸಣ್ಣ ಕರುಳಿನ ಕಟ್ಟಕಡೆಯ ಭಾಗದವರೆಗೆ ಪ್ರಯಾಣ ಮಾಡಬೇಕು. ಎ, ಡಿ, ಇ ಮತ್ತು ಕೆ ವಿಟಮಿನ್‌ಗಳು ಕೊಬ್ಬಿನಲ್ಲಿ ಕರಗುವಂಥವು. ಇವು ಹೀರಿಕೆಯಾಗಲು ಊಟದಲ್ಲಿ ಸ್ವಲ್ಪ ಎಣ್ಣೆ ಅಥವಾ ತುಪ್ಪ ಇರಬೇಕು, ಪಿತ್ತರಸ ಸರಾಗವಾಗಿ ಕರುಳಿಗೆ ಇಳಿಯಬೇಕು. ಪಿತ್ತನಾಳ ಕಟ್ಟಿಕೊಂಡು ಕಾಮಾಲೆಯಾದವರಲ್ಲಿ ಮಲ ಬಿಳಿಚಿಕೊಳ್ಳುವುದರ ಜೊತೆಗೆ ವಿಟಮಿನ್ ಕೆ ಕಡಿಮೆಯಾಗಿ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುವುದು ಇದೇ ಕಾರಣದಿಂದ. ದೊಡ್ಡ ಕರುಳಿನ ಮುಖ್ಯ ಕೆಲಸ ನೀರು ಮತ್ತು ಲವಣಗಳನ್ನು ಹೀರುವುದು. ಮೇಲೆ ಹೀರಿಕೆಯಾಗದೆ ಉಳಿದ ಮಾತ್ರೆಯ ಅಂಶವೆಲ್ಲ ಅಲ್ಲಿಗೇ ಬಂದು ಬೀಳುತ್ತದೆ. ಮಲ ಗಟ್ಟಿಯಾಗುವುದೋ ಸಡಿಲವಾಗುವುದೋ ಬಹುಮಟ್ಟಿಗೆ ಅಲ್ಲಿ ನಿರ್ಧಾರವಾಗುತ್ತದೆ.

ಕಬ್ಬಿಣದ ಮಾತ್ರೆ ಶುರುಮಾಡಿದ ಮೇಲೆ ಮಲ ಕಪ್ಪಾಗಿದೆ. ಹೆದರಬೇಕೇ?

ಮಾತ್ರೆ ಶುರುವಾದ ಒಂದೆರಡು ದಿನಗಳಲ್ಲಿ ಮಲವು ಕಡು ಹಸಿರು ಇಲ್ಲವೇ ಕಪ್ಪು ಬಣ್ಣಕ್ಕೆ ತಿರುಗಿ, ಮಿಕ್ಕಂತೆ ಎಂದಿನಂತೆಯೇ ಇದ್ದರೆ ಹೆದರುವ ಕಾರಣವಿಲ್ಲ. ನುಂಗಿದ ಕಬ್ಬಿಣದ ಹೆಚ್ಚಿನ ಪಾಲು ಹೀರಿಕೆಯಾಗದೆ ಕರುಳಿನಲ್ಲೇ ಉಳಿದು ಮಲದೊಂದಿಗೆ ಹೊರಹೋಗುತ್ತದೆ, ಬಣ್ಣ ಅದರದ್ದು. ಆದರೆ ಡಾಂಬರಿನಂತೆ ಅಂಟುವ, ಹೊಳೆಯುವ, ತೀರಾ ಕೆಟ್ಟ ವಾಸನೆಯ ಕಪ್ಪು ಮಲವು ಜಠರದಲ್ಲಿ ಅಥವಾ ಕರುಳಿನ ಮೇಲ್ಭಾಗದಲ್ಲಿ ರಕ್ತ ಸೋರುತ್ತಿರುವುದರ ಗುರುತು. ಅದರೊಡನೆ ತಲೆಸುತ್ತು, ಎದೆಬಡಿತ, ಹೊಟ್ಟೆನೋವು ಇದ್ದರೆ ಅಥವಾ ನೀವು ಮಂಡಿನೋವಿಗೆಂದು ನೋವಿನ ಮಾತ್ರೆಗಳನ್ನು ದಿನವೂ ನುಂಗುವವರಾದರೆ, ಕಬ್ಬಿಣದ ಮೇಲೆ ತಪ್ಪು ಹೊರಿಸಿ ಸುಮ್ಮನಿರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕಬ್ಬಿಣದ ಮಾತ್ರೆಯಿಂದ ಮಲಬದ್ಧತೆ, ವಾಕರಿಕೆ ಆಗುತ್ತದೆ. ನಿಲ್ಲಿಸಬಹುದೇ?

ರಕ್ತಹೀನತೆಗೆ ಕೊಟ್ಟ ಮಾತ್ರೆಯನ್ನು ಜನರು ನಡುವೆಯೇ ಬಿಡಲು ಇದೇ ಮುಖ್ಯ ಕಾರಣ. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ತಂದುಕೊಟ್ಟ ಕೆಂಪು ಮಾತ್ರೆಗಳ ಪಟ್ಟಿ ಕಪಾಟಿನಲ್ಲಿ ಹಾಗೆಯೇ ಉಳಿಯುವುದಕ್ಕೆ ಅಸಡ್ಡೆಗಿಂತ ಹೊಟ್ಟೆಯ ಕಿರಿಕಿರಿಯೇ ಹೆಚ್ಚಿನ ಕಾರಣವೆಂಬುದು ನನ್ನ ಅಭಿಪ್ರಾಯ. ಆ ಕಿರಿಕಿರಿಗೆ ಪರಿಹಾರ ಹೇಳದೆ ಬರಿಯ ಉಪದೇಶ ಹೇಳಿದರೆ ಪ್ರಯೋಜನವಿಲ್ಲ.

ಪರಿಹಾರಗಳು ಇವೆ. ಖಾಲಿ ಹೊಟ್ಟೆಯಲ್ಲಿ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುವುದಾದರೂ ವಾಕರಿಕೆ ಬರುವವರು ಊಟದ ಬಳಿಕ ಅಥವಾ ರಾತ್ರಿ ಮಲಗುವ ಮುನ್ನ ತೆಗೆದುಕೊಳ್ಳಬಹುದು. ಹೀರಿಕೆ ಸ್ವಲ್ಪ ಕಡಿಮೆಯಾದರೂ, ಬಿಟ್ಟುಬಿಡುವುದಕ್ಕಿಂತ ಅದು ಎಷ್ಟೋ ಮೇಲು. ಒಮ್ಮೆ ದೊಡ್ಡ ಪ್ರಮಾಣದ ಕಬ್ಬಿಣ ನುಂಗಿದಾಗ ದೇಹದಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಸುಮಾರು ಒಂದು ದಿನದವರೆಗೆ ಮುಂದಿನ ಕಬ್ಬಿಣ ಒಳಸೇರುವುದನ್ನು ತಡೆಹಿಡಿಯುತ್ತದೆ. ಹೀಗಾಗಿ ದಿನಬಿಟ್ಟು ದಿನ ತೆಗೆದುಕೊಂಡಾಗ ಪ್ರತಿ ಮಾತ್ರೆಯಿಂದ ಹೀರಿಕೆಯಾಗುವ ಪಾಲು ಹೆಚ್ಚುತ್ತದೆ ಎಂದು ಸ್ವಿಟ್ಜರ್ಲೆಂಡಿನ ಸಂಶೋಧಕರು ಕಬ್ಬಿಣದ ಕೊರತೆಯಿದ್ದ ಮಹಿಳೆಯರಲ್ಲಿ ತೋರಿಸಿದ್ದಾರೆ. ಹೊಟ್ಟೆಗೆ ಒಗ್ಗದವರಿಗೆ ಅನೇಕ ವೈದ್ಯರು ಈಗ ಈ ಕ್ರಮವನ್ನೇ ಸೂಚಿಸುತ್ತಾರೆ. ಆದರೆ ಗರ್ಭಿಣಿಯರು ಮತ್ತು ತೀವ್ರ ರಕ್ತಹೀನತೆಯುಳ್ಳವರು ತಾವಾಗಿಯೇ ಕ್ರಮ ಬದಲಿಸಬಾರದು, ವೈದ್ಯರನ್ನು ಕೇಳಬೇಕು. ಮಾತ್ರೆಯನ್ನು ಬೇರೆ ಲವಣರೂಪಕ್ಕೆ ಅಥವಾ ಕಡಿಮೆ ಪ್ರಮಾಣಕ್ಕೆ ಬದಲಿಸುವುದೂ ಸಾಧ್ಯ. ಯಾವುದೂ ಒಗ್ಗದಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ವ್ಯವಸ್ಥೆ ಇದೆ.

ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಒಟ್ಟಿಗೆ ನುಂಗಬಹುದೇ? ಕಾಫಿಯೊಂದಿಗೆ ತೆಗೆದುಕೊಂಡರೆ?

ಎರಡಕ್ಕೂ ಉತ್ತರ ಬೇಡವೆಂದೇ. ಸರ್ಕಾರದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಲ್ಲಿ ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ಕೊಡುವ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅವರಿಗೆ 500 ಮಿ.ಗ್ರಾಂ ಕ್ಯಾಲ್ಸಿಯಂ ಮಾತ್ರೆಯನ್ನೂ ದಿನಕ್ಕೆ ಎರಡು ಬಾರಿ ಕೊಡಲಾಗುತ್ತದೆ. ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಯನ್ನು ತಗ್ಗಿಸುವುದರಿಂದ ಇವೆರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರವಿರಬೇಕು. ಬೆಳಗಿನ ತಿಂಡಿಗೆ ಮತ್ತು ರಾತ್ರಿಯೂಟಕ್ಕೆ ಕ್ಯಾಲ್ಸಿಯಂ, ಮಧ್ಯಾಹ್ನದ ಊಟವಾದ ಒಂದು ಗಂಟೆಗೆ ಕಬ್ಬಿಣ ಎಂದಿಟ್ಟುಕೊಂಡರೆ ಗೊಂದಲವಿರದು. ಕಾಫಿ, ಚಹಾ ಮತ್ತು ಹಾಲು ಮೂರೂ ಕಬ್ಬಿಣಕ್ಕೆ ಅಡ್ಡಿ. ನಿಂಬೆಹಣ್ಣಿನ ಪಾನಕ, ಸೀಬೆಹಣ್ಣು, ನೆಲ್ಲಿಕಾಯಿಗಳಲ್ಲಿರುವ ವಿಟಮಿನ್ ಸಿ ಸಹಾಯಕ. ನಮ್ಮಲ್ಲಿ ಊಟವಾದೊಡನೆ ಒಂದು ಲೋಟ ಕಾಫಿ ಬೇಕೇ ಬೇಕು ಎನ್ನುವವರು ಆ ಕಾಫಿಯನ್ನು ಕಬ್ಬಿಣದ ಮಾತ್ರೆಯಿಂದ ಒಂದೆರಡು ಗಂಟೆ ದೂರವಿಟ್ಟರೆ ಸಾಕು, ಬಿಡಬೇಕಿಲ್ಲ.

ಕ್ಯಾಲ್ಸಿಯಂ ಮಾತ್ರೆಯಿಂದಲೂ ಮಲ ಗಟ್ಟಿಯಾಗುತ್ತದೆಯೇ?

ಆಗುತ್ತದೆ, ವಿಶೇಷವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ. ಅದು ಅಗ್ಗವಾದ್ದರಿಂದ ಹೆಚ್ಚು ಬಳಕೆಯಲ್ಲಿದೆ, ಹೀರಿಕೆಯಾಗಲು ಜಠರದ ಆಮ್ಲ ಬೇಕಾದ್ದರಿಂದ ಊಟದ ಜೊತೆ ತೆಗೆದುಕೊಳ್ಳಬೇಕು. ಆಮ್ಲ ತಗ್ಗಿಸುವ ಮಾತ್ರೆಗಳನ್ನು ನುಂಗುವ ಹಿರಿಯರಿಗೆ ಸಿಟ್ರೇಟ್ ರೂಪವೇ ಹೆಚ್ಚು ಹೊಂದುತ್ತದೆ. ಒಂದೇ ಬಾರಿಗೆ 500 ಮಿ.ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ನುಂಗಿದರೆ ಹೀರಿಕೆಯ ಪ್ರಮಾಣ ಕುಸಿಯುವುದರಿಂದ, ದೊಡ್ಡ ಮಾತ್ರೆಯೊಂದಕ್ಕಿಂತ ಎರಡು ಹೊತ್ತಿಗೆ ಹಂಚಿದ ಸಣ್ಣ ಮಾತ್ರೆಗಳು ಲೇಸು. ರಾಗಿ ಉಣ್ಣುವ ಮನೆಗಳಲ್ಲಿ ಈ ಮಾತ್ರೆಯ ಅಗತ್ಯವನ್ನೇ ಒಮ್ಮೆ ವೈದ್ಯರೊಂದಿಗೆ ಮರುವಿಚಾರಿಸಬಹುದು. ನೂರು ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂಗೂ ಮಿಕ್ಕು ಕ್ಯಾಲ್ಸಿಯಂ ಇದೆ, ನಾರಿನಂಶವೂ ಧಾರಾಳವಾಗಿದೆ. ಅದರಲ್ಲಿರುವ ಫೈಟೇಟ್ ಎಂಬ ಅಂಶ ಖನಿಜಗಳ ಹೀರಿಕೆಯನ್ನು ತುಸು ತಗ್ಗಿಸುತ್ತದೆ ನಿಜ, ಆದರೆ ಮೊಳಕೆ ಕಟ್ಟಿ ಹಿಟ್ಟು ಮಾಡಿದಾಗ ಅಥವಾ ಹುಳಿಬರಿಸಿ ಅಂಬಲಿ ಕಾಯಿಸಿದಾಗ ಆ ಅಡ್ಡಿ ಕಡಿಮೆಯಾಗುತ್ತದೆ.

ವಿಟಮಿನ್ ಡಿ ಪುಡಿಯ ಪೊಟ್ಟಣಕ್ಕೂ ಹೊಟ್ಟೆಗೂ ಏನು ಸಂಬಂಧ?

ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೆ ಹೆಚ್ಚೇನೂ ಇಲ್ಲ. ತಪ್ಪು ಪ್ರಮಾಣದಲ್ಲಿ ತೆಗೆದುಕೊಂಡರೆ ಸಂಬಂಧ ಗಂಭೀರವಾದದ್ದು. ನಮ್ಮಲ್ಲಿ ಸಾಮಾನ್ಯವಾಗಿ ಬರೆದುಕೊಡುವುದು 60,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಪ್ರಮಾಣದ ಪೊಟ್ಟಣ ಅಥವಾ ಕ್ಯಾಪ್ಸೂಲ್, ಅದೂ ವಾರಕ್ಕೆ ಒಂದರಂತೆ ಕೆಲವು ವಾರಗಳಿಗೆ ಮಾತ್ರ. ಇದನ್ನು ದಿನಕ್ಕೊಂದೆಂದು ತಿಳಿದು ನುಂಗುವ, ಎಂಟು ವಾರ ಮುಗಿದ ಮೇಲೂ ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಮುಂದುವರಿಸುವ, ಜೊತೆಗೆ ಇನ್ನೊಬ್ಬ ವೈದ್ಯರು ಬರೆದ ಚುಚ್ಚುಮದ್ದನ್ನೂ ಹಾಕಿಸಿಕೊಳ್ಳುವ ಪ್ರಕರಣಗಳು ಭಾರತದ ಆಸ್ಪತ್ರೆಗಳಿಗೆ ಹೊಸತಲ್ಲ. ಡಿ ಮಿತಿಮೀರಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಅದರ ಮೊದಲ ಲಕ್ಷಣಗಳೇ ಹಟಮಾರಿ ಮಲಬದ್ಧತೆ, ಹಸಿವಿಲ್ಲದಿರುವುದು, ವಾಂತಿ, ವಿಪರೀತ ಬಾಯಾರಿಕೆ ಮತ್ತು ಪದೇ ಪದೇ ಮೂತ್ರ. ಮುಂದೆ ಮಂಕು ಕವಿಯುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ದೇಹದ ಕೊಬ್ಬಿನಲ್ಲಿ ಶೇಖರವಾಗುವ ವಿಟಮಿನ್ ಇದಾದ್ದರಿಂದ ಪೊಟ್ಟಣ ನಿಲ್ಲಿಸಿದ ಮೇಲೂ ವಾರಗಟ್ಟಲೆ ತೊಂದರೆ ಉಳಿಯಬಹುದು. ವಯಸ್ಸಾದವರಲ್ಲಿ ಹೊಸದಾಗಿ ಮಲಬದ್ಧತೆ, ಮಂಕುತನ ಒಟ್ಟಿಗೆ ಕಾಣಿಸಿದರೆ ಮನೆಯಲ್ಲಿರುವ ಎಲ್ಲ ಮಾತ್ರೆ, ಪೊಟ್ಟಣಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಇದು ವೃಥಾ ಶ್ರಮವೆನಿಸಿದರೂ ಬಾಯಿಮಾತಿನ ವರದಿಗಿಂತ ನಂಬಿಕಸ್ಥವಾದ ಕ್ರಮ.

ಹಾಗಾದರೆ ಭೇದಿ ತರುವ ಮಾತ್ರೆಗಳು ಯಾವುವು?

ವಿಟಮಿನ್ ಸಿ ಮತ್ತು ಮೆಗ್ನೀಸಿಯಂ ಇದರಲ್ಲಿ ಮುಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಗಂಡಸರಿಗೆ ದಿನಕ್ಕೆ 80 ಮಿ.ಗ್ರಾಂ, ಹೆಂಗಸರಿಗೆ 65 ಮಿ.ಗ್ರಾಂ ವಿಟಮಿನ್ ಸಿ ಸಾಕು. ಒಂದು ಹದವಾದ ಸೀಬೆಹಣ್ಣಿನಲ್ಲಿ ಅಷ್ಟು ಸಿಗುತ್ತದೆ. ಚೀಪುವ ಮಾತ್ರೆಯೊಂದರಲ್ಲಿ 500 ಮಿ.ಗ್ರಾಂ ಇರುತ್ತದೆ. ದಿನಕ್ಕೆ ಒಂದು ಗ್ರಾಂ ಮೀರಿದ ಮೇಲೆ ಹೀರಿಕೆಯಾಗುವ ಪಾಲು ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಉಳಿದದ್ದು ಕರುಳಿನಲ್ಲಿ ನೀರನ್ನು ಹಿಡಿದಿಟ್ಟು ಸಡಿಲ ಮಲ ಮತ್ತು ಹೊಟ್ಟೆ ತೊಳೆಸುವಿಕೆ ಉಂಟುಮಾಡುತ್ತದೆ. ಎರಡು ಗ್ರಾಂ ಎಂಬ ಮೇಲ್ಮಿತಿಯನ್ನು ತಜ್ಞರು ನಿಗದಿಪಡಿಸಿದ್ದೇ ಮುಖ್ಯವಾಗಿ ಈ ಭೇದಿಯ ಆಧಾರದ ಮೇಲೆ. ಕೋವಿಡ್ ದಿನಗಳಲ್ಲಿ ಸಿ ಮತ್ತು ಸತುವಿನ ಮಾತ್ರೆಗಳನ್ನು ಮಿಠಾಯಿಯಂತೆ ಹಂಚಿಕೊಂಡವರಿಗೆ ಇದರ ಅನುಭವ ಆಗಿರುತ್ತದೆ. ಸತು ಖಾಲಿ ಹೊಟ್ಟೆಯಲ್ಲಿ ವಾಕರಿಕೆ ತರುತ್ತದೆ, ಹೆಚ್ಚು ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡರೆ ತಾಮ್ರದ ಹೀರಿಕೆಯನ್ನು ತಡೆದು ಬೇರೊಂದು ಬಗೆಯ ರಕ್ತಹೀನತೆಗೇ ದಾರಿಮಾಡುತ್ತದೆ.

ಮೆಗ್ನೀಸಿಯಂನ ಗುಣ ಹಳಬರಿಗೆ ಗೊತ್ತು. ಮಲಬದ್ಧತೆಗೆ ಕುಡಿಯುವ ಬಿಳಿಯ ‘ಮಿಲ್ಕ್ ಆಫ್ ಮೆಗ್ನೀಸಿಯಾ’ ಇದರ ಲವಣವೇ. ನಿದ್ರೆಗೆ, ಸ್ನಾಯು ಸೆಳೆತಕ್ಕೆ ಎಂದು ಈಗ ಮಾರುವ ಮೆಗ್ನೀಸಿಯಂ ಮಾತ್ರೆಗಳಲ್ಲಿ ಆಕ್ಸೈಡ್ ಮತ್ತು ಸಿಟ್ರೇಟ್ ರೂಪಗಳು ಭೇದಿ ತರುವ ಸಂಭವ ಹೆಚ್ಚು. ಮೂತ್ರಪಿಂಡ ದುರ್ಬಲವಾಗಿರುವವರು ಇವನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು.

ಮಕ್ಕಳು ತಿನ್ನುವ ಗಮ್ಮಿ ವಿಟಮಿನ್‌ಗಳು?

ಸಕ್ಕರೆರಹಿತ ಎಂದು ಮಾರುವ ಗಮ್ಮಿಗಳಲ್ಲಿ ಸಾರ್ಬಿಟಾಲ್, ಮಾಲ್ಟಿಟಾಲ್‌ನಂಥ ಸಿಹಿಕಾರಕಗಳಿರುತ್ತವೆ. ಇವು ಪೂರ್ತಿಯಾಗಿ ಹೀರಿಕೆಯಾಗದೆ ದೊಡ್ಡ ಕರುಳಿನಲ್ಲಿ ಹುದುಗೆದ್ದು ವಾಯು, ಉಬ್ಬರ, ಸಡಿಲ ಮಲ ತರುತ್ತವೆ. ತೊಂದರೆ ವಿಟಮಿನ್‌ನದ್ದಲ್ಲ, ಮಿಠಾಯಿಯದ್ದು.

ಬಿ12 ಕಡಿಮೆ ಬಂದಿದೆ. ಮಾತ್ರೆ ಸಾಕೇ, ಚುಚ್ಚುಮದ್ದೇ ಬೇಕೇ?

ಕರುಳಿನೊಂದಿಗೆ ಬಿ12ನಷ್ಟು ಜಟಿಲವಾದ ಸಂಬಂಧವಿರುವ ವಿಟಮಿನ್ ಇನ್ನೊಂದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ. ಆಹಾರದಲ್ಲಿನ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಜಠರದ ಆಮ್ಲ ಅದನ್ನು ಬಿಡಿಸುತ್ತದೆ. ಜಠರದ ಗೋಡೆಯ ಕೋಶಗಳು ಸ್ರವಿಸುವ ವಿಶೇಷ ಪ್ರೋಟೀನೊಂದು ಮುಂದೆ ಅದರೊಡನೆ ಕೂಡಿಕೊಂಡು ಸಣ್ಣ ಕರುಳಿನ ತುದಿಯವರೆಗೆ ಕರೆದೊಯ್ಯುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿದರೂ ಕೊರತೆಯಾಗುತ್ತದೆ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮಾತ್ರ ಬಿ12 ನಂಬಿಕೆಗೆ ಅರ್ಹ ಪ್ರಮಾಣದಲ್ಲಿರುವುದರಿಂದ ಸಸ್ಯಾಹಾರಿಗಳಲ್ಲಿ, ಅದರಲ್ಲೂ ಹಾಲನ್ನೂ ಬಿಟ್ಟವರಲ್ಲಿ, ಕೊರತೆ ಸಾಮಾನ್ಯ. ನಮ್ಮ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಬಿ12 ತಯಾರಿಸುತ್ತವೆಯಾದರೂ, ಅದು ಹೀರಿಕೆಯಾಗುವ ತಾಣ ಆಗಲೇ ಹಿಂದೆ ಉಳಿದಿರುವುದರಿಂದ ನಮಗೆ ದಕ್ಕುವುದಿಲ್ಲ.

ಊಟದ ಕೊರತೆಯಷ್ಟೇ ಕಾರಣವಾದರೆ ಮಾತ್ರೆ ಸಾಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ನುಂಗುವವರಲ್ಲಿ, ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆಗಳನ್ನು ಬಿಡದೆ ಮುಂದುವರಿಸಿದವರಲ್ಲಿ ಬಿ12 ಇಳಿಯುತ್ತದೆ. ಬೆಳಗ್ಗೆ ಎದ್ದ ಕೂಡಲೇ ‘ಗ್ಯಾಸ್ ಮಾತ್ರೆ’ ಎಂದು ತಾವಾಗಿಯೇ ಕೊಂಡು ನುಂಗುವ ರೂಢಿ ನಮ್ಮ ಊರುಗಳಲ್ಲಿ ಹೆಚ್ಚಿದೆ, ಅದು ನಿಜಕ್ಕೂ ಬೇಕೇ ಎಂದು ವರ್ಷಕ್ಕೊಮ್ಮೆಯಾದರೂ ವೈದ್ಯರಲ್ಲಿ ವಿಚಾರಿಸಬೇಕು. ಮೆಟ್‌ಫಾರ್ಮಿನ್ ಸ್ವತಃ ಭೇದಿ ತರುತ್ತದೆ. ಅದರೊಂದಿಗೆ ಬರೆದುಕೊಟ್ಟ ಬಿ12 ಮಾತ್ರೆಯ ಮೇಲೆ ಅನೇಕರು ಸುಮ್ಮನೆ ದೂರು ಹೇಳುತ್ತಾರೆ.

ಜಠರದ ಪ್ರೋಟೀನೇ ಇಲ್ಲದವರಿಗೆ, ಸಣ್ಣ ಕರುಳಿನ ತುದಿಯನ್ನು ಕ್ಷಯ ಅಥವಾ ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಗಾಗಿ ಕತ್ತರಿಸಿದವರಿಗೆ, ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾದವರಿಗೆ ಹಿಂದಿನಿಂದಲೂ ಚುಚ್ಚುಮದ್ದೇ ದಾರಿ. ಆದರೆ ಈ ಸರಪಳಿಯ ಹಂಗಿಲ್ಲದೆ ಸುಮಾರು ಶೇಕಡ ಒಂದರಷ್ಟು ಬಿ12 ಕರುಳಿನ ಗೋಡೆಯ ಮೂಲಕ ತಾನಾಗಿ ಒಳಸೇರುತ್ತದೆ, ಹೀಗಾಗಿ ದಿನಕ್ಕೆ 1000 ಮೈಕ್ರೋಗ್ರಾಂನಷ್ಟು ದೊಡ್ಡ ಮಾತ್ರೆಯಿಂದ ಅಂಥವರಲ್ಲೂ ಅನೇಕರಿಗೆ ಸಾಕಾಗುತ್ತದೆ. ಕೈಕಾಲು ಜೋಮು, ನಡಿಗೆಯಲ್ಲಿ ತೂರಾಟ, ಮರೆವು ಶುರುವಾಗಿದ್ದರೆ ಮಾತ್ರ ಮಾತ್ರೆಯ ಮೇಲೆ ಭರವಸೆಯಿಟ್ಟು ಕಾಯಬಾರದು, ಚುಚ್ಚುಮದ್ದಿನಿಂದಲೇ ಆರಂಭಿಸಬೇಕು. ಬಿ12 ಪರೀಕ್ಷಿಸದೆ ಫೋಲಿಕ್ ಆಮ್ಲವನ್ನಷ್ಟೇ ದೊಡ್ಡ ಪ್ರಮಾಣದಲ್ಲಿ ನುಂಗಿದರೆ ರಕ್ತಹೀನತೆ ಸುಧಾರಿಸಿದಂತೆ ಕಂಡು, ಒಳಗೆ ನರಗಳ ಹಾನಿ ಮುಂದುವರಿಯುವ ಅಪಾಯವಿದೆ.

ಆಂಟಿಬಯೋಟಿಕ್ ಜೊತೆ ಬಿ ಕಾಂಪ್ಲೆಕ್ಸ್ ಕೊಡುವುದು ಹೊಟ್ಟೆ ಕೆಡದಿರಲೆಂದೇ?

ಹಾಗೆಂದು ಜನರು ನಂಬಿದ್ದಾರೆ. ಆಂಟಿಬಯೋಟಿಕ್ ಕರುಳಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಅವು ಬಿ ವಿಟಮಿನ್ ತಯಾರಿಸುತ್ತಿದ್ದವು, ಆದ್ದರಿಂದ ಹೊರಗಿನಿಂದ ಕೊಡಬೇಕು ಎಂಬ ಈ ತರ್ಕ ಕೇಳಲು ಸಮಂಜಸವಾಗಿದ್ದರೂ, ಐದಾರು ದಿನಗಳ ಚಿಕಿತ್ಸೆಯಿಂದ ಸಾಮಾನ್ಯವಾಗಿ ಉಣ್ಣುವ ವ್ಯಕ್ತಿಯಲ್ಲಿ ಬಿ ವಿಟಮಿನ್ ಕೊರತೆ ಉಂಟಾಗುವುದಿಲ್ಲ, ಬಿ ಕಾಂಪ್ಲೆಕ್ಸ್ ಭೇದಿಯನ್ನು ತಡೆಯುವುದೂ ಇಲ್ಲ. ಮೂತ್ರ ಕಡುಹಳದಿಯಾಗುವುದಷ್ಟೇ ಕಣ್ಣಿಗೆ ಕಾಣುವ ಪರಿಣಾಮ, ಅದು ಹೆಚ್ಚಾದ ಬಿ2 ಹೊರಹೋಗುವುದರಿಂದ. ಭೇದಿ ತಡೆಯುವಲ್ಲಿ ಕೆಲವು ಬಗೆಯ ಪ್ರೋಬಯಾಟಿಕ್‌ಗಳಿಗೆ (ಉಪಕಾರಿ ಸೂಕ್ಷ್ಮಜೀವಿಗಳಿರುವ ಪೂರಕಗಳಿಗೆ) ತಕ್ಕಮಟ್ಟಿನ ಆಧಾರವಿದೆ. ಮನೆಯ ಮೊಸರು ಒಗ್ಗುವವರು ಅದನ್ನು ಬಿಡುವ ಕಾರಣವಿಲ್ಲ, ಆದರೆ ಡಾಕ್ಸಿಸೈಕ್ಲಿನ್, ಸಿಪ್ರೋಫ್ಲಾಕ್ಸಸಿನ್‌ನಂಥ ಮಾತ್ರೆಗಳನ್ನು ಹಾಲು ಮೊಸರಿನೊಂದಿಗಾಗಲಿ, ಕಬ್ಬಿಣ ಕ್ಯಾಲ್ಸಿಯಂನೊಂದಿಗಾಗಲಿ ನುಂಗಿದರೆ ಔಷಧವೇ ಹೀರಿಕೆಯಾಗದು. ಔಷಧದ ಜೊತೆ ಬಿ ವಿಟಮಿನ್ ಬೇಕಿಲ್ಲ ಎಂಬ ಮಾತಿಗೆ ಒಂದು ಅಪವಾದ ಹೇಳಬೇಕು: ಕ್ಷಯರೋಗಕ್ಕೆ ಐಸೋನಿಯಾಜಿಡ್ ತೆಗೆದುಕೊಳ್ಳುವವರಿಗೆ ಕೊಡುವ ಬಿ6 ನರಗಳ ರಕ್ಷಣೆಗೆ ಅಗತ್ಯವಾದದ್ದು, ಅದನ್ನು ಬಿಡಬಾರದು.

ಮಗುವಿಗೆ ಭೇದಿಯಾದಾಗ ಏನಾದರೂ ಪೂರಕ ಕೊಡಬೇಕೇ?

ಕೊಡಬೇಕು, ಅದು ಸತು. ಭೇದಿಯಾದ ಮಕ್ಕಳಿಗೆ ಓಆರ್‌ಎಸ್ ಜೊತೆಗೆ ಸತುವನ್ನೂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಜಂಟಿಯಾಗಿ ಶಿಫಾರಸು ಮಾಡಿದವು. ಆರು ತಿಂಗಳು ತುಂಬಿದ ಮಕ್ಕಳಿಗೆ ದಿನಕ್ಕೆ 20 ಮಿ.ಗ್ರಾಂ, ಅದಕ್ಕಿಂತ ಚಿಕ್ಕ ಶಿಶುಗಳಿಗೆ 10 ಮಿ.ಗ್ರಾಂ, ನಮ್ಮಲ್ಲಿ 14 ದಿನ ಕೊಡುವ ಕ್ರಮವಿದೆ. ಭೇದಿ ಮೂರನೇ ದಿನಕ್ಕೆ ನಿಂತಿತೆಂದು ಮಾತ್ರೆಯನ್ನೂ ನಿಲ್ಲಿಸುವ ತಾಯಂದಿರೇ ಹೆಚ್ಚು, ಆದರೆ ಪೂರ್ತಿ ಅವಧಿ ಕೊಟ್ಟಾಗ ಮುಂದಿನ ಕೆಲವು ತಿಂಗಳಲ್ಲಿ ಭೇದಿ ಮರುಕಳಿಸುವುದೂ ಕಡಿಮೆಯಾಗುತ್ತದೆ. ಸತು ಓಆರ್‌ಎಸ್‌ಗೆ ಬದಲಿಯಲ್ಲ. ಜೀವ ಉಳಿಸುವುದು ಓಆರ್‌ಎಸ್, ಸತು ಅದರ ಜೊತೆಗಾರ. ಅಂಗನವಾಡಿಯಲ್ಲಿ ಆರು ತಿಂಗಳಿಗೊಮ್ಮೆ ಕುಡಿಸುವ ವಿಟಮಿನ್ ಎ ದ್ರಾವಣವನ್ನು ಒಂಬತ್ತನೇ ತಿಂಗಳಿನಲ್ಲಿ ಒಂದು ಲಕ್ಷ ಐಯು, ಬಳಿಕ ಐದು ವರ್ಷ ತುಂಬುವವರೆಗೆ ಎರಡು ಲಕ್ಷ ಐಯು ಪ್ರಮಾಣದಲ್ಲಿ ಕೊಡಲಾಗುತ್ತದೆ. ಇದನ್ನು ಪಡೆದ ಮಗುವಿಗೆ ಅಂಗಡಿಯಿಂದ ಇನ್ನಷ್ಟು ಎ ತಂದು ಕುಡಿಸುವುದು ಸಲ್ಲದು.

ವಿಟಮಿನ್ ಕೊರತೆಯೇ ಕರುಳಿನ ಕಾಯಿಲೆಯಾಗಿ ಕಾಣಿಸುವುದುಂಟೇ?

ಉಂಟು, ದಕ್ಷಿಣ ಭಾರತದ ವೈದ್ಯಕೀಯ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಗಳಿವೆ. ನಯಾಸಿನ್ ಎಂಬ ಬಿ3 ಕೊರತೆಯಿಂದ ಬರುವ ಪೆಲ್ಲಾಗ್ರಾದಲ್ಲಿ ಬಿಸಿಲು ತಾಗುವ ಚರ್ಮ ಕಪ್ಪಾಗಿ ಸುಲಿಯುವುದರ ಜೊತೆಗೆ ನಿಲ್ಲದ ಭೇದಿ ಮತ್ತು ಮನೋವಿಕಾರ ಕಾಣಿಸುತ್ತವೆ. ದಖ್ಖನಿನ ಪ್ರಸ್ಥಭೂಮಿಯಲ್ಲಿ ಬೇರೇನೂ ಗತಿಯಿಲ್ಲದೆ ಜೋಳವನ್ನೇ ನೆಚ್ಚಿದ ಬಡ ಕೂಲಿಕಾರರಲ್ಲಿ ಇದು ಕಾಣುತ್ತಿದ್ದುದನ್ನು ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ಸುಮಾರಿಗೆ ಅಧ್ಯಯನ ಮಾಡಿ, ಜೋಳದಲ್ಲಿರುವ ಲ್ಯೂಸಿನ್ ಎಂಬ ಅಂಶದ ಕಡೆ ಬೆರಳು ತೋರಿದರು. ಆ ವಿವರಣೆಯ ಬಗ್ಗೆ ಮುಂದೆ ವಾದಗಳು ನಡೆದವು. ಉತ್ತರ ಕರ್ನಾಟಕದ ಓದುಗರು ಇದರಿಂದ ಗಾಬರಿಗೊಳ್ಳಬೇಕಿಲ್ಲ. ರೊಟ್ಟಿಯ ಜೊತೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಇರುವ ಊಟದಲ್ಲಿ ಆ ಭಯವಿಲ್ಲ.

ಇನ್ನೊಂದು ಉದಾಹರಣೆ ಫೋಲಿಕ್ ಆಮ್ಲದ್ದು. ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ 1928ರಲ್ಲಿ ಮುಂಬೈಗೆ ಬಂದು ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಅದರ ಹಿಂದಿದ್ದ ಫೋಲಿಕ್ ಆಮ್ಲವನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ್ದು 1941ರಲ್ಲಿ. ಕರುಳಿನ ಹೀರಿಕೆಯನ್ನು ಕೆಡಿಸುವ ಉಷ್ಣವಲಯದ ಸ್ಪ್ರೂ ಎಂಬ ಕಾಯಿಲೆ 1960ರ ದಶಕದಲ್ಲಿ ದಕ್ಷಿಣ ಭಾರತದ ಹಳ್ಳಿಗಳಲ್ಲಿ ಸಾಂಕ್ರಾಮಿಕದಂತೆ ಕಾಣಿಸಿಕೊಂಡಾಗ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಅದನ್ನು ವಿವರವಾಗಿ ದಾಖಲಿಸಿದರು. ಸ್ಪ್ರೂ ರೋಗಿಗೆ ಫೋಲಿಕ್ ಆಮ್ಲ, ಬಿ12 ಮತ್ತು ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮೂರನ್ನೂ ಕೊಡಬೇಕಾಗುತ್ತದೆ. ಫೋಲಿಕ್ ಆಮ್ಲ ಶುರುವಾದ ಕೆಲವೇ ದಿನಗಳಲ್ಲಿ ನಾಲಿಗೆಯ ಉರಿ ತಗ್ಗಿ ಹಸಿವು ಮರಳುತ್ತದೆ, ಏಕೆಂದರೆ ಕರುಳಿನ ಒಳಪದರದ ಕೋಶಗಳು ಬಹು ಬೇಗ ಹುಟ್ಟಿ ಸಾಯುವಂಥವು, ಅವುಗಳ ಹೊಸಹುಟ್ಟಿಗೆ ಫೋಲಿಕ್ ಆಮ್ಲ ಮತ್ತು ಬಿ12 ಎರಡೂ ಬೇಕು. ಕರುಳು ಕೆಟ್ಟು ವಿಟಮಿನ್ ಕಡಿಮೆಯಾಗುವುದು, ವಿಟಮಿನ್ ಕಡಿಮೆಯಾಗಿ ಕರುಳು ಇನ್ನಷ್ಟು ಕೆಡುವುದು, ಹೀಗೆ ಎರಡೂ ಸೇರಿ ರೋಗಿಯನ್ನು ಸೊರಗಿಸುತ್ತವೆ.

ಮಲಬದ್ಧತೆಗೆ ತೆಗೆದುಕೊಳ್ಳುವ ಔಷಧದಿಂದ ವಿಟಮಿನ್ ನಷ್ಟವಾಗುತ್ತದೆಯೇ?

ಲಿಕ್ವಿಡ್ ಪ್ಯಾರಾಫಿನ್ ಇರುವ ದ್ರಾವಣಗಳನ್ನು ತಿಂಗಳುಗಟ್ಟಲೆ ಕುಡಿದರೆ ಎ, ಡಿ, ಇ, ಕೆ ವಿಟಮಿನ್‌ಗಳು ಅದರಲ್ಲಿ ಕರಗಿ ಹೊರಹೋಗುತ್ತವೆ. ಇಸಬ್‌ಗೋಲ್‌ನಿಂದ ಅಂಥ ಆತಂಕವಿಲ್ಲ, ಆದರೆ ಅದನ್ನು ದೊಡ್ಡ ಲೋಟ ನೀರಿನಲ್ಲಿ ಕದಡಿ ಕುಡಿಯಬೇಕು, ಉಳಿದ ಮಾತ್ರೆಗಳಿಂದ ಒಂದೆರಡು ಗಂಟೆ ದೂರವಿಡಬೇಕು. ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರಿನಂಶ ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸೊಪ್ಪಿನ ಬಸ್ಸಾರು, ಹುರುಳಿಕಾಳು, ಮುದ್ದೆ, ಸಿಪ್ಪೆ ಸಹಿತ ಹಣ್ಣುಗಳಿರುವ ಊಟದಲ್ಲಿ ಅದು ಕಷ್ಟವಲ್ಲ. ಮಲ್ಟಿವಿಟಮಿನ್ ಮಾತ್ರೆಯಲ್ಲಿ ನಾರು ಇರುವುದಿಲ್ಲ.

ದೊಡ್ಡ ಕರುಳಿನ ಕ್ಯಾನ್ಸರನ್ನು ವಿಟಮಿನ್‌ಗಳು ತಡೆಯುತ್ತವೆಯೇ?

ಈ ಆಸೆಯನ್ನು ದೊಡ್ಡ ಪ್ರಯೋಗಗಳು ಸಮರ್ಥಿಸಿಲ್ಲ. ಅಮೆರಿಕದಲ್ಲಿ 25,871 ಜನರಲ್ಲಿ ನಡೆದ ‘ವೈಟಲ್’ ಪ್ರಯೋಗದಲ್ಲಿ ದಿನಕ್ಕೆ 2000 ಐಯು ವಿಟಮಿನ್ ಡಿ ಐದು ವರ್ಷಗಳಿಗೂ ಮಿಕ್ಕು ಕೊಟ್ಟರೂ ಹೊಸ ಕ್ಯಾನ್ಸರ್‌ಗಳ ಸಂಖ್ಯೆ ತಗ್ಗಲಿಲ್ಲ. ಮುಂದೆ ಕ್ಯಾನ್ಸರಿಗೆ ತಿರುಗಬಲ್ಲ ಕರುಳಿನ ಗಂಟುಗಳನ್ನು (ಪಾಲಿಪ್) ಒಮ್ಮೆ ತೆಗೆಸಿಕೊಂಡವರಿಗೆ 1200 ಮಿ.ಗ್ರಾಂ ಕ್ಯಾಲ್ಸಿಯಂ, 1000 ಐಯು ಡಿ ಅಥವಾ ಎರಡನ್ನೂ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2015ರಲ್ಲಿ ಬಂದಾಗ, ಗಂಟುಗಳು ಮತ್ತೆ ಹುಟ್ಟುವುದು ಕಡಿಮೆಯಾಗಿರಲಿಲ್ಲ; ಅದೇ ಗುಂಪನ್ನು ಮುಂದೆಯೂ ಗಮನಿಸಿದಾಗ ಒಂದು ವಿಶೇಷ ಬಗೆಯ ಗಂಟುಗಳು ಕ್ಯಾಲ್ಸಿಯಂ ಪಡೆದವರಲ್ಲಿ ಹೆಚ್ಚಾಗಿಯೇ ಕಂಡವು. ಫೋಲಿಕ್ ಆಮ್ಲದ ಪ್ರಯೋಗವೂ ಲಾಭ ತೋರಲಿಲ್ಲ. ಆಹಾರದ ಮೂಲಕ ಬರುವ ಕ್ಯಾಲ್ಸಿಯಂ ಮತ್ತು ನಾರಿನ ಕಥೆ ಬೇರೆ, ಅವುಗಳ ಪರವಾದ ಆಧಾರ ಇದಕ್ಕಿಂತ ಗಟ್ಟಿ. ಕ್ಯಾನ್ಸರ್ ಭಯದಿಂದ ಮಾತ್ರೆಗೆ ಸುರಿಯುವ ಹಣದಲ್ಲಿ ಒಮ್ಮೆ ಮಲಪರೀಕ್ಷೆಯನ್ನೋ, ಮನೆತನದಲ್ಲಿ ಕಾಯಿಲೆಯಿದ್ದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಕೊಲೊನೊಸ್ಕೊಪಿಯನ್ನೋ ಮಾಡಿಸುವುದು ವಿವೇಕ.

ಅಂಥ ಪರೀಕ್ಷೆಗಳಿಗೆ ಮುನ್ನ ಮಾತ್ರೆ ನಿಲ್ಲಿಸಬೇಕೇ?

ಕಬ್ಬಿಣವನ್ನು ಕೊಲೊನೊಸ್ಕೊಪಿಗೆ ಸುಮಾರು ಒಂದು ವಾರ ಮುಂಚೆ ನಿಲ್ಲಿಸಲು ಹೇಳುತ್ತಾರೆ, ಏಕೆಂದರೆ ಅದು ಕರುಳಿನ ಗೋಡೆಗೆ ಕಪ್ಪಾಗಿ ಅಂಟಿಕೊಂಡು ನೋಟಕ್ಕೆ ಅಡ್ಡಿಯಾಗುತ್ತದೆ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಹಳೆಯ ಬಗೆಯ ಪರೀಕ್ಷೆಯಲ್ಲಿ ದಿನಕ್ಕೆ 250 ಮಿ.ಗ್ರಾಂಗಿಂತ ಹೆಚ್ಚು ವಿಟಮಿನ್ ಸಿ ನುಂಗುವವರಿಗೆ ರಕ್ತವಿದ್ದರೂ ಇಲ್ಲವೆಂದು ವರದಿ ಬರಬಹುದು. ಪ್ರಯೋಗಾಲಯದವರಿಗೆ ನೀವು ನುಂಗುವುದೆಲ್ಲವನ್ನೂ ಮೊದಲೇ ತಿಳಿಸಿ.

ಡಬ್ಬಿಯ ಮೇಲೆ ಏನನ್ನು ಓದಬೇಕು?

ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆಯೊಂದಿಗೆ ‘ಹೆಲ್ತ್ ಸಪ್ಲಿಮೆಂಟ್’ ಎಂದು ಬರುವ ಡಬ್ಬಿಗಳ ಮೇಲೆ ಇದು ಔಷಧೀಯ ಬಳಕೆಗಲ್ಲ ಎಂಬ ಮಾತು ಸಣ್ಣ ಅಕ್ಷರಗಳಲ್ಲಿರುತ್ತದೆ. ಕಾಯಿಲೆ ವಾಸಿಮಾಡುತ್ತದೆ ಎಂದು ದೊಡ್ಡ ದನಿಯಲ್ಲಿ ಮಾರುವವರು ಆ ಸಾಲನ್ನು ಓದಿಹೇಳುವುದಿಲ್ಲ. ಒಂದೇ ಅಂಶ ಎರಡು ಮೂರು ಡಬ್ಬಿಗಳಲ್ಲಿ ಇದೆಯೇ ಎಂದು ಕೂಡಿಸಿ ನೋಡಿ; ಮಲ್ಟಿವಿಟಮಿನ್‌ನಲ್ಲೊಂದಿಷ್ಟು ಡಿ, ಕ್ಯಾಲ್ಸಿಯಂ ಮಾತ್ರೆಯಲ್ಲೊಂದಿಷ್ಟು, ವಾರದ ಪೊಟ್ಟಣದಲ್ಲಿ ಇನ್ನಷ್ಟು ಸೇರುವುದು ಹೀಗೆಯೇ.

ಯಾವ ಸಂದರ್ಭದಲ್ಲಿ ಮಾತ್ರೆ ಬದಲಿಸುತ್ತ ಕೂರದೆ ವೈದ್ಯರ ಬಳಿ ಹೋಗಬೇಕು?

ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ರಾತ್ರಿ ನಿದ್ರೆಯಿಂದ ಎಬ್ಬಿಸುವ ಭೇದಿ ಅಥವಾ ಬಿಡದ ಜ್ವರವಿದ್ದರೆ, ಮಲವಿಸರ್ಜನೆಯ ರೂಢಿ ನಡುವಯಸ್ಸಿನ ಬಳಿಕ ಹೊಸದಾಗಿ ಬದಲಾಗಿ ವಾರಗಟ್ಟಲೆ ಹಾಗೆಯೇ ಉಳಿದರೆ ಹೋಗಲೇಬೇಕು. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಜಠರ, ಕರುಳುಗಳಲ್ಲಿ ಎಲ್ಲಿಯೋ ರಕ್ತ ನಷ್ಟವಾಗುತ್ತಿದೆಯೆಂದೇ ಭಾವಿಸಿ ಪರೀಕ್ಷೆ ಆರಂಭಿಸುವುದು ವೈದ್ಯಕೀಯ ನಿಯಮ. ಬರಿಗಾಲಲ್ಲಿ ಹೊಲಗೆಲಸ ಮಾಡುವವರಲ್ಲಿ ಅದು ಕೊಕ್ಕೆಹುಳುವಿರಬಹುದು, ಅಲ್ಬೆಂಡಜೋಲ್ ಎಂಬ ಜಂತುಹುಳದ ಮಾತ್ರೆಯಿಂದ ಮುಗಿಯಬಹುದು. ಹುಣ್ಣೋ ಗಡ್ಡೆಯೋ ಆಗಿರಲೂಬಹುದು. ಕಬ್ಬಿಣದ ಮಾತ್ರೆಯಿಂದ ಹಿಮೋಗ್ಲೋಬಿನ್ ಏರಿತೆಂದು ಸಮಾಧಾನಪಟ್ಟುಕೊಂಡರೆ ಸೋರುವ ಜಾಗ ಹಾಗೆಯೇ ಉಳಿದುಬಿಡುತ್ತದೆ.

ಮಕ್ಕಳಿರುವ ಮನೆಯಲ್ಲಿ ಈ ಮಾತ್ರೆಗಳನ್ನು ಹೇಗೆ ಇಡಬೇಕು?

ಬೀಗದೊಳಗೆ, ಎತ್ತರದಲ್ಲಿ ಇಡಬೇಕು. ಕೆಂಪು ಬಣ್ಣದ ಕಬ್ಬಿಣದ ಮಾತ್ರೆ ಪುಟ್ಟ ಮಕ್ಕಳ ಕಣ್ಣಿಗೆ ಮಿಠಾಯಿ. ಮಗು ಹಲವು ಮಾತ್ರೆಗಳನ್ನು ನುಂಗಿದರೆ ಮೊದಲು ವಾಂತಿ, ಭೇದಿ, ಕೆಲವೊಮ್ಮೆ ರಕ್ತ ಕಾಣಿಸಿ, ಬಳಿಕ ಕೆಲವು ಗಂಟೆ ಚೇತರಿಸಿಕೊಂಡಂತೆ ತೋರಿ, ಆಮೇಲೆ ಯಕೃತ್ತು ವಿಫಲವಾಗುವ ಸಾಧ್ಯತೆಯಿದೆ. ನಡುವಿನ ಆ ಸುಧಾರಣೆಯನ್ನು ನಂಬಿ ಮನೆಯಲ್ಲೇ ಉಳಿಯದೆ, ಖಾಲಿಯಾದ ಮಾತ್ರೆಯ ಪಟ್ಟಿಯನ್ನೂ ತೆಗೆದುಕೊಂಡು ತಕ್ಷಣ ತುರ್ತು ಚಿಕಿತ್ಸಾ ಘಟಕವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು.